ಒಂದು ಪೆನ್ನಿ, ಹನ್ನೆರಡು ಜನ

ಚರ್ಚು ಅಂದರೆ ಗೋಪುರ, ಗಂಟೆ, ಬಿಷಪ್ಪು ಎಂದೇ ನಮ್ಮಲ್ಲಿ ಬಹಳ ಜನರ ತಿಳುವಳಿಕೆ. ಗೋಪುರವಿಲ್ಲದ, ಗಂಟೆಯಿಲ್ಲದ ಇನ್ನೊಂದು ಚರಿತ್ರೆಯೂ ಅದಕ್ಕಿದೆ. ಯಾರದೋ ಮನೆಯಲ್ಲಿ ಹತ್ತು ಹನ್ನೆರಡು ಜನ ಕೂತು ಪ್ರಾರ್ಥಿಸಿ, ಕಷ್ಟಸುಖ ಹೇಳಿಕೊಂಡ ಚರಿತ್ರೆ ಅದು. ಇಂಥ ಪುಟ್ಟ ಗುಂಪಿಗೆ ಸೇರುವುದು ಬರೀ ಭಕ್ತಿಯ ವಿಷಯವಲ್ಲ. ಹಿಂದೆ ನಿಂತೇ ಆಯುಷ್ಯ ಸವೆಸಿದವನು ಬಾಯಿಬಿಟ್ಟು ಮಾತಾಡಲು ಕಲಿತದ್ದು ಇಂಥ ಕಡೆಯೇ. ಇಂಗ್ಲೆಂಡಿನ ಮೆಥಡಿಸ್ಟರ ‘ಕ್ಲಾಸು’ಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಆ ನಾಡಿನ ಹಳ್ಳಿ ಚರ್ಚುಗಳಲ್ಲಿ ಕೂರುವ ಬೆಂಚಿಗೂ ಅಂತಸ್ತಿತ್ತು. 1826ರಲ್ಲಿ ಬಾರ್‌ಫರ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಜೋಸೆಫ್ ಆರ್ಚ್ ಎಂಬುವನು 1898ರಲ್ಲಿ ಅಚ್ಚಾದ ತನ್ನ ಆತ್ಮಕತೆಯಲ್ಲಿ ಒಂದು ಸಂಗತಿ ಬರೆದಿದ್ದಾನೆ. ಹುಡುಗನಾಗಿದ್ದಾಗ ಚರ್ಚಿನ ಬಾಗಿಲ ಬೀಗದ ಕಂಡಿಗೆ ಕಣ್ಣಿಟ್ಟು ಒಳಗೆ ನೋಡಿದನಂತೆ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಮೊದಲು ಹೋದವನು ಜಮೀನುದಾರ. ಆಮೇಲೆ ಒಕ್ಕಲುತನದ ದೊಡ್ಡ ಕುಳಗಳು. ಆಮೇಲೆ ಅಂಗಡಿಯವರು, ಗಾಡಿ ಚಕ್ರ ಮಾಡುವವನು, ಕಮ್ಮಾರ. ಕಟ್ಟಕಡೆಗೆ ಕೂಲಿಯವರು, ಅವರೇ ಪ್ರತ್ಯೇಕವಾಗಿ. ಅವರ ಪಕ್ಕದಲ್ಲಿ ಬೇರೆ ಯಾರೂ ಮಂಡಿಯೂರಲಿಲ್ಲ, ಮೈಲಿಗೆಯವರ ಪಕ್ಕದಲ್ಲಿ ಕೂರದ ಹಾಗೆ. ಇದು ಬಿಳಿಯರ ಪಂಕ್ತಿಭೇದ. ಜಾತಿಯಲ್ಲ ನಿಜ. ಕೂಲಿಯವನ ಮಗ ನಾಕು ಕಾಸು ಮಾಡಿದರೆ ಬೆಂಚು ಬದಲಾಯಿಸಬಹುದಿತ್ತು. ನಮ್ಮಲ್ಲಿ ಅದೂ ಇರಲಿಲ್ಲ.

ಇಂಥ ಸಮಾಜದಲ್ಲೇ 1739ರಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿ ಚರ್ಚು ಬಿಟ್ಟು ಬಯಲಿಗೆ ಬಂದ. ಬ್ರಿಸ್ಟಲ್ ಪಟ್ಟಣದ ಪಕ್ಕದ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬೋಧಿಸಿದ. ಬ್ರಿಸ್ಟಲ್ ಆಗ ಆಫ್ರಿಕಾದ ಜನರನ್ನು ಗುಲಾಮರಾಗಿ ಮಾರಿ ಕೊಬ್ಬಿದ ಬಂದರು. ಅಲ್ಲಿ ವೆಸ್ಲಿಯವರು ಕಟ್ಟಿದ ಸಭಾಮನೆಯ ಮೇಲೆ ಸಾಲ ಕೂತಿತು. 1742ರ ಫೆಬ್ರವರಿಯಲ್ಲಿ ಸಾಲ ತೀರಿಸುವ ಮಾತು ಬಂದಾಗ ಹಡಗಿನ ಕ್ಯಾಪ್ಟನ್ ಒಬ್ಬ, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡೋಣ ಎಂದ. ಬಡವರ ಹತ್ತಿರ ಅದೂ ಇಲ್ಲವಲ್ಲ ಎಂದರು. ಹಾಗಾದರೆ ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಬಿಡಿ, ಕೊಡಲಾಗದವರ ಪಾಲು ನಾನೇ ಹಾಕ್ತೇನೆ ಎಂದ. ಹೀಗೆ ಹನ್ನೆರಡು ಜನರ ಒಂದೊಂದು ಗುಂಪಾಯಿತು. ಅದೇ ಕ್ಲಾಸು.

ಪೆನ್ನಿ ಎತ್ತಲು ಮನೆಮನೆಗೆ ಹೋದವರಿಗೆ ಮನೆಯ ಒಳಗಿನ ಬದುಕು ಕಂಡಿತು. ಕುಡಿತ, ಕಾಯಿಲೆ, ಉಪವಾಸ ಎಲ್ಲ ಕಂಡವು. ಹೀಗೆ ಹೋಗುವುದಕ್ಕಿಂತ ವಾರಕ್ಕೊಮ್ಮೆ ಎಲ್ಲರೂ ಒಂದು ಕಡೆ ಕೂಡುವುದೇ ವಾಸಿ ಎನಿಸಿತು. ಸೇರಲು ಕುಲ, ಓದು, ಆಸ್ತಿ ಯಾವುದನ್ನೂ ಕೇಳುತ್ತಿರಲಿಲ್ಲ. ಪಾಪದಿಂದ ಬಿಡುಗಡೆ ಬೇಕೆಂಬ ಆಸೆ ಇದ್ದರೆ ಸಾಕು ಎಂದು 1743ರ ನಿಯಮ ಹೇಳಿತು. ಮೂರು ತಿಂಗಳಿಗೊಮ್ಮೆ ಒಂದು ಚೀಟಿ. ಈ ವಾರ ಹೇಗಿದ್ದೆ, ಎಲ್ಲಿ ಎಡವಿದೆ, ಏನು ಕಷ್ಟ ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು. ಪ್ರತಿಯೊಬ್ಬರೂ ಹೇಳಲೇಬೇಕು. ಗುಂಪಿನ ಮುಂದಾಳುಗಳಲ್ಲಿ ಹೆಂಗಸರೂ ಇದ್ದರು.

ಗೆಳೆಯರೆ, ಧಣಿಯ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದವನು ಇಲ್ಲಿ ತನ್ನ ಬದುಕಿನ ಬಗ್ಗೆ ಮಾತಾಡಿದ. ಹನ್ನೊಂದು ಜನ ಕೇಳಿಸಿಕೊಂಡರು. ಪುಸ್ತಕ ಓದಲು, ಲೆಕ್ಕ ಬರೆಯಲು, ಸಭೆ ನಡೆಸಲು ಕಲಿತ. ಇದರ ಫಲ ಎಲ್ಲಿ ಬಿಟ್ಟಿತು ಎಂಬುದಕ್ಕೆ ಟಾಲ್‌ಪಡಲ್ ಎಂಬ ಹಳ್ಳಿಗೆ ಹೋಗಬೇಕು.

ಡಾರ್ಸೆಟ್ ಸೀಮೆಯ ಆ ಹಳ್ಳಿಯಲ್ಲಿ ಕೂಲಿ ವಾರಕ್ಕೆ 9 ಶಿಲಿಂಗಿನಿಂದ 8ಕ್ಕೆ, 7ಕ್ಕೆ ಇಳಿಯಿತು. ಇನ್ನು ಆರೇ ಎಂದರು ಮಾಲೀಕರು. ಕೂಲಿಯವನೂ ಮೆಥಡಿಸ್ಟ್ ಬೋಧಕನೂ ಆಗಿದ್ದ ಜಾರ್ಜ್ ಲವ್‌ಲೆಸ್ ಸಂಗಡಿಗರನ್ನು ಕೂಡಿಸಿ ಸಂಘ ಕಟ್ಟಿದ. ಸಭೆ ಸೇರಿದ್ದು ಥಾಮಸ್ ಸ್ಟ್ಯಾಂಡ್‌ಫೀಲ್ಡನ ಗುಡಿಸಲಿನಲ್ಲಿ. ವಾರದ ಚಂದಾ ಎಷ್ಟು ಗೊತ್ತೆ? ಒಂದು ಪೆನ್ನಿ! ಸಂಘ ಕಟ್ಟುವುದು 1824ರಿಂದ ಅಪರಾಧವೇನೂ ಆಗಿರಲಿಲ್ಲ. ಆದರೂ ಗುಟ್ಟಾಗಿ ಪ್ರಮಾಣ ಮಾಡಿಸಿದರೆಂಬ ನೆಪ ಹಿಡಿದು, 1797ರ ಕಾನೂನೊಂದನ್ನು ಹುಡುಕಿ ತೆಗೆದು, 1834ರ ಫೆಬ್ರವರಿಯಲ್ಲಿ ಆರು ಜನರನ್ನು ಹಿಡಿದರು. ಆರರಲ್ಲಿ ಐವರು ಮೆಥಡಿಸ್ಟರು. ಏಳು ವರ್ಷ ಗಡೀಪಾರು, ಆಸ್ಟ್ರೇಲಿಯಾದ ಕಡೆಗೆ. ಲಂಡನ್ನಿನಲ್ಲಿ ದುಡಿಯುವ ಜನ ಬೀದಿಗಿಳಿದರು. 1836ರಲ್ಲಿ ಸರ್ಕಾರ ಕ್ಷಮೆ ಕೊಡಲೇಬೇಕಾಯಿತು.

ಮತದ ಹಕ್ಕಿಗಾಗಿ ಹೋರಾಡಿದ ಚಾರ್ಟಿಸ್ಟರು 1840ರಲ್ಲಿ ಸಂಘಟನೆ ಕಟ್ಟಿದಾಗಲೂ ಅದೇ ಅಚ್ಚು: ಹತ್ತು ಜನರ ಕ್ಲಾಸು, ಒಬ್ಬ ಮುಂದಾಳು, ವಾರಕ್ಕೊಂದು ಪೆನ್ನಿ. ಬೀಗದ ಕಂಡಿಯಲ್ಲಿ ನೋಡಿದ ಆ ಹುಡುಗ ಜೋಸೆಫ್ ಆರ್ಚ್ ಬೆಳೆದು ಪ್ರಿಮಿಟಿವ್ ಮೆಥಡಿಸ್ಟ್ ಬೋಧಕನಾದ. 1872ರಲ್ಲಿ ಕೃಷಿ ಕೂಲಿಕಾರರ ರಾಷ್ಟ್ರೀಯ ಸಂಘ ಕಟ್ಟಿದ. 1885ರಲ್ಲಿ ಪಾರ್ಲಿಮೆಂಟಿಗೂ ಹೋದ.

ಇಷ್ಟಕ್ಕೇ ಧರ್ಮದ ಬೆನ್ನು ತಟ್ಟಬೇಕಾಗಿಲ್ಲ. ವೆಸ್ಲಿ 1774ರಲ್ಲಿ ಗುಲಾಮಗಿರಿಯ ವಿರುದ್ಧ ಬರೆದ, ಆದರೆ ಸಾಯುವವರೆಗೂ ರಾಜನಿಷ್ಠನೇ. 1819ರಲ್ಲಿ ಮ್ಯಾಂಚೆಸ್ಟರಿನ ಪೀಟರ್‌ಲೂ ಬಯಲಲ್ಲಿ ಬಡಜನರ ಮೇಲೆ ಕುದುರೆ ಪಡೆ ನುಗ್ಗಿಸಿ ಕಡಿದಾಗ ವೆಸ್ಲಿಯನ್ ಮುಖಂಡರು ಸರ್ಕಾರದ ಕಡೆಗೇ ನಿಂತರು. ಇತಿಹಾಸಕಾರ ಇ. ಪಿ. ಥಾಮ್ಸನ್ 1963ರ ತನ್ನ ದೊಡ್ಡ ಗ್ರಂಥದಲ್ಲಿ, ಈ ಪಂಥ ಕಾರ್ಮಿಕರನ್ನು ಕಾರ್ಖಾನೆಯ ಶಿಸ್ತಿಗೆ ಬಗ್ಗಿಸಿತು ಎಂದು ಜಾಡಿಸಿದ. ಅವನ ತಂದೆಯೇ ಬಂಗಾಳದಲ್ಲಿದ್ದ ವೆಸ್ಲಿಯನ್ ಮಿಷನರಿ! ಥಾಮ್ಸನ್ ಹೇಳಿದ್ದು ಸುಳ್ಳಲ್ಲ. ಹಾಗೆಯೇ ಟಾಲ್‌ಪಡಲ್ ಕೂಡ ಸುಳ್ಳಲ್ಲ. ಮೇಲೆ ಕೂತವರು ವಿಧೇಯತೆ ಕಲಿಸುತ್ತಿದ್ದಾಗಲೇ ಕೆಳಗೆ ಗುಡಿಸಲಲ್ಲಿ ಕೂತವರು ಮಾತು ಕಲಿತರು.

ಇದೇ ವೆಸ್ಲಿಯನ್ ಮಿಷನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಗೂ ಬಂತು. ಶಾಲೆ, ಆಸ್ಪತ್ರೆ, ಅಚ್ಚಿನ ಮನೆ ತಂದಿತು. 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿತು. ಆದರೆ ಈ ದೇಶದ ಚರ್ಚುಗಳ ಒಳಗೂ ಜಾತಿ ಚಪ್ಪಲಿ ಬಿಡದೆ ನಡೆದು ಬಂದಿದೆ. ತಮಿಳುನಾಡಿನಲ್ಲಿ ಸತ್ತ ದಲಿತ ಕ್ರೈಸ್ತನಿಗೆ ಸ್ಮಶಾನವೂ ಬೇರೆ ಎಂಬಂಥ ಊರುಗಳನ್ನು ಕಂಡಿದ್ದೇವೆ. ಹೊರಗೆ ಸರ್ಕಾರದ ಏಟು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಮಾತ್ರ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತ ಇನ್ನೂ ಹೊರಗೇ. ಕೇರಿಯ ಒಂದು ಮನೆಯಲ್ಲಿ ಪ್ರಾರ್ಥನೆಗೆ ಕೂರುವವನು ಕ್ರೈಸ್ತನಾದರೆ ತೆರಬೇಕಾದ ಬೆಲೆ ಪೆನ್ನಿಯಲ್ಲಿ ಮುಗಿಯುವುದಿಲ್ಲ.

ಆದ್ದರಿಂದ ಅಂಥ ಗುಂಪಿಗೆ ಸೇರಿದವರನ್ನು ‘ಬ್ರೆಡ್ಡಿಗೆ ಹೋದವರು’ ಎಂದು ಹಂಗಿಸುವ ಮೊದಲು ಅವರಿಗೆ ಅಲ್ಲಿ ಏನು ಸಿಕ್ಕಿತು ಎಂದು ಕೇಳಬೇಕು. ಜತೆಗೆ ಆ ಗುಂಪನ್ನೂ, ನಮ್ಮ ಸಂಘಗಳನ್ನೂ ಒಂದೇ ಪ್ರಶ್ನೆ ಕೇಳಬೇಕು. ಇಲ್ಲಿ ಎಲ್ಲರಿಗಿಂತ ಹಿಂದೆ ಕೂತವಳ ಮಾತು ಕೇಳುವವರು ಯಾರು? ಲೆಕ್ಕದ ಪುಸ್ತಕ ಯಾರ ಕೈಲಿದೆ?