ಬಿಷಪ್ ಯಾವ ಕಲ್ಯಾಣದವರು?

ನಮ್ಮ ಮನೆತನದ ಊರು ಉಡುಪಿ ಹತ್ತಿರದ ಕಲ್ಯಾಣಪುರ. ನಾನಿರುವುದು ಡೊಂಬಿವಲಿಯಲ್ಲಿ, ಲೋಕಲ್ ಹಿಡಿದರೆ ಕಲ್ಯಾಣ್ ಹತ್ತು ನಿಮಿಷ. ಈ ಎರಡು ಊರುಗಳ ನಡುವೆ ಒಬ್ಬ ಬಿಷಪ್ಪರ ವ್ಯಾಜ್ಯವಿದೆ ಎಂದು ನನಗೆ ತಿಳಿದದ್ದು ತಡವಾಗಿ.

ಸುಮಾರು 550ರ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಕಾಸ್ಮಸ್ ಎಂಬ ವರ್ತಕ, ಕಲ್ಲಿಯಾನದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾರೆಂದು ಬರೆದಿಟ್ಟ. ಕೆಲವು ವಿದ್ವಾಂಸರು ಅದು ನಮ್ಮ ಕಲ್ಯಾಣಪುರವೇ ಎಂದರು. ಓದಿ ಹಿಗ್ಗಿದೆ, ಸುಳ್ಳೇಕೆ! ಆದರೆ ಕಾಸ್ಮಸ್ ಬಂದರುಗಳನ್ನು ಸಿಂಧೂ ಕಡೆಯಿಂದ ಕೆಳಗಿಳಿಯುತ್ತ ಹೇಳುತ್ತಾನೆ. ಮಂಗಳೂರನ್ನು ಮೆಣಸಿನ ನಾಡಿನ ಪಟ್ಟಿಗೆ ಸೇರಿಸುತ್ತಾನೆ. ಕಲ್ಲಿಯಾನ ಅದಕ್ಕೂ ಮೊದಲೇ ಬರುತ್ತದೆ, ಅಲ್ಲಿಯ ಸರಕು ಲೋಹ, ಮರ, ಬಟ್ಟೆ, ಮೆಣಸಲ್ಲ. ಮೊದಲ ಶತಮಾನದ ಪೆರಿಪ್ಲಸ್ ಗ್ರಂಥದಲ್ಲೂ ಕಲ್ಲಿಯೇನ ಬರುವುದು ಸೋಪಾರದ ಬೆನ್ನಿಗೇ. ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಿದ್ದರಂತೆ. ಕನ್ಹೇರಿ ಗುಹೆಗಳ ಶಾಸನಗಳಲ್ಲಿ ದಾನಿಗಳಾಗಿ ನಿಂತ ವರ್ತಕರೂ ಈ ಕಲ್ಯಾಣದವರೇ. ನನ್ನ ತೀರ್ಪು ಊರಿಗೆ ವಿರುದ್ಧವಾಗಿಯೇ ಬಂತು.

ರೋಮನ್ ಕಾಲದ ಎಷ್ಟೋ ಪಟ್ಟಣಗಳು ಆಫ್ರಿಕಾದಲ್ಲಿ, ಏಷ್ಯಾ ಮೈನರಿನಲ್ಲಿ ಹಾಳುಬಿದ್ದಿವೆ. ಅವುಗಳ ಬಿಷಪ್ ಪೀಠದ ಹೆಸರನ್ನು ಕ್ಯಾಥೊಲಿಕ್ ಸಭೆ ಇಂದಿಗೂ ಅಳಿಸಿಲ್ಲ. ಸ್ವಂತ ಧರ್ಮಪ್ರಾಂತ್ಯವಿಲ್ಲದ ಬಿಷಪ್ಪರಿಗೆ ಆ ಬಿರುದು ಕೊಡುತ್ತಾರೆ. ಇಂಥವರೊಬ್ಬರು ನಮ್ಮ ಬಿಜಾಪುರಕ್ಕೂ ಸಿಕ್ಕಿದ್ದರು: ಗೋವೆಯ ಮತ್ತೇವು ದ ಕಾಸ್ತ್ರೊ. 1637ರಲ್ಲಿ ಅವರಿಗೆ ದಕ್ಕಿದ ಬಿರುದು ಕ್ರಿಸೊಪೊಲಿಸ್ ಎಂಬ ದೂರದ ಹಳೇ ಪಟ್ಟಣದ್ದು, ಕೆಲಸ ಆದಿಲಶಾಹಿ ಸೀಮೆಯಲ್ಲಿ. ಪೋರ್ಚುಗೀಸರಿಗೂ ಅವರಿಗೂ ಎಣ್ಣೆ-ಸೀಗೆಕಾಯಿ.

ಕಲ್ಯಾಣದ್ದು ಇದಕ್ಕೆ ತಿರುವುಮುರುವು: ಊರು ಬಾಳಿತು, ಬಿಷಪ್ ಇಲ್ಲವಾದರು. 1321ರಲ್ಲಿ ಠಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೊಲೆಯಾದಾಗ ಅವರು ತಂಗಿದ್ದದ್ದು ನೆಸ್ತೋರಿಯನ್ ಕ್ರೈಸ್ತರ ಮನೆಯಲ್ಲಿ. ಅಂಥ ಹದಿನೈದು ಮನೆಗಳಿದ್ದವೆಂದು ಯಾತ್ರಿಕ ಓಡೊರಿಕ್ ಲೆಕ್ಕ ಕೊಟ್ಟಿದ್ದಾನೆ. ಪರ್ಷಿಯಾದ ಕಡೆಯ ಸಂಪ್ರದಾಯ ಅಲ್ಲಿಗೂ ಪೂರ್ತಿ ಆರಿರಲಿಲ್ಲ.

1988ರಲ್ಲಿ ಕಲ್ಯಾಣದ ಹೆಸರಿನಲ್ಲಿ ಮತ್ತೆ ಧರ್ಮಪ್ರಾಂತ್ಯ ಬಂತು, ಸಿರೊ-ಮಲಬಾರ್ ಸಭೆಯದು. ಅದೇ ಪೂರ್ವ ಸಿರಿಯಕ್ ಪೂಜಾಕ್ರಮ. ತಂದವರು ರಾಜರಲ್ಲ, ವರ್ತಕರೂ ಅಲ್ಲ. ನಮ್ಮಂತೆಯೇ ನೌಕರಿಗೆಂದು ಟ್ರಂಕು ಹೊತ್ತು ರೈಲಿಳಿದ ಮಲಯಾಳಿಗಳು.

ಕಲ್ಯಾಣಪುರಕ್ಕೂ ತನ್ನ ಪಾಲು ಸಿಕ್ಕಿತೆನ್ನಿ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವಾದಾಗ ಅಲ್ಲಿಯ ಮಿಲಾಗ್ರಿಸ್ ಇಗರ್ಜಿಯೇ ಕೆಥೆಡ್ರಲ್ ಆಯಿತು. ಕಾಸ್ಮಸನ ಬಿಷಪ್ ಮಾತ್ರ ಇಲ್ಲಿಯವರು ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಒಪ್ಪಲಿಲ್ಲ. “ಹೊಳೆಬಾಗಿಲು ನಮ್ಮಲ್ಲೂ ಉಂಟಲ್ಲ ಮಾರಾಯ” ಅಂದ.