ತುಕ್ಕು: ತೋಪು ತಾಳೀತು, ಯಂತ್ರ ತಾಳದು

ವಿಜಯಪುರ ನಗರದ ಉಪಲಿ ಬುರುಜಿನ ನೆತ್ತಿಯ ಮೇಲೆ ಕಬ್ಬಿಣದ ತೋಪುಗಳಿವೆ. ಆದಿಲಶಾಹಿ ಕಾಲದಲ್ಲಿ, 1584ರ ಸುಮಾರಿಗೆ, ಹೈದರ್ ಖಾನ್ ಕಟ್ಟಿಸಿದ ಈ ಬುರುಜಿನ ಎತ್ತರ ಸುಮಾರು 80 ಅಡಿ. ಅಲ್ಲಿನ ದೊಡ್ಡ ತೋಪಿನ ಉದ್ದ 30 ಅಡಿಗೂ ಮಿಗಿಲು. ಅದು ಎರಕ ಹೊಯ್ದದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆಗಳನ್ನು ಬಿಗಿದು ಮಾಡಿದ್ದು. ಶತಮಾನಗಳ ಬಿಸಿಲು ಮಳೆ ಉಂಡರೂ ತೋಪು ತೋಪಾಗಿಯೇ ಉಳಿದಿದೆ. ಆದರೆ ಅದೇ ಜಿಲ್ಲೆಯ ಇಂಡಿಯಲ್ಲೋ ಸಿಂದಗಿಯಲ್ಲೋ ಬಡಿಗೇರರ ಅಂಗಡಿಯ ರಂದಾ ಯಂತ್ರ ಒಂದೇ ಮಳೆಗಾಲದಲ್ಲಿ ಕೆಟ್ಟು ಕೂರಬಲ್ಲದು. ಇದೇಕೆ ಹೀಗೆ?

ತುಕ್ಕು ಹುಟ್ಟಲು ಮೂರು ಕೂಡಬೇಕು: ಕಬ್ಬಿಣ, ಗಾಳಿಯ ಆಮ್ಲಜನಕ ಮತ್ತು ನೀರು. ಈ ಭಾಗದಲ್ಲಿ 'ಜಂಗು' ಎಂದೂ ಕರೆಯುವ ಈ ಕೆಂಪು ಪುಡಿ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಉಬ್ಬಿ ಹೊಪ್ಪಳೆಯಾಗಿ ಏಳುತ್ತದೆ. ಒಳಗಿನ ಹೊಸ ಲೋಹ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ. ಅದೇ ಊರಿನ ಷೆರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ 'ಮಲಿಕ್-ಎ-ಮೈದಾನ್' ತೋಪಿಗೆ ಈ ಕಾಟವಿಲ್ಲ; ಅದು ಕಂಚಿನ ಜಾತಿಯ ಮಿಶ್ರಲೋಹದ್ದು.

ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ವಿಜಯಪುರ ಜಿಲ್ಲೆ ಮಲೆನಾಡಿಗಿಂತ ಕಬ್ಬಿಣಕ್ಕೆ ಹಿತವಾದ ನೆಲವೇ ಸರಿ. ಆದರೆ ಆ ಮಳೆಯ ದೊಡ್ಡ ಪಾಲು ಸುರಿಯುವುದು ಸೆಪ್ಟೆಂಬರ್ ಆಸುಪಾಸಿನಲ್ಲಿ. ತುಕ್ಕಿನ ಸುಗ್ಗಿಯೂ ಅದೇ.

ಇದರ ಬೆನ್ನಿಗೇ ಮಹಾನವಮಿ ಬರುತ್ತದೆ ಎಂಬುದು ಗಮನಾರ್ಹ. ಉತ್ತರ ಕರ್ನಾಟಕದ ಖಂಡೇನವಮಿಯಂದು ಬಾಚಿ, ಉಳಿ, ಗರಗಸ, ಕುಡಗೋಲುಗಳನ್ನೆಲ್ಲ ಹೊರತೆಗೆದು, ತಿಕ್ಕಿ ತೊಳೆದು, ಒರೆಸಿ ಪೂಜಿಸುತ್ತಾರೆ. ಪೂಜೆಯ ಉದ್ದೇಶ ಬೇರೆಯಾದರೂ, ಮಳೆಗಾಲದ ಜಂಗು ಆಳಕ್ಕಿಳಿಯುವ ಮೊದಲೇ ವರ್ಷಕ್ಕೊಮ್ಮೆ ಪ್ರತಿ ಹತಾರದ ಮೇಲೂ ಕೈಯಾಡುವಂತೆ ಅದು ನೋಡಿಕೊಂಡಿದೆ.

ಇಲ್ಲಿ ಮರಗೆಲಸದ ಹತಾರಕ್ಕೆ ದೊಡ್ಡ ಇತಿಹಾಸವೇ ಇದೆ. ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ಈ ಜಿಲ್ಲೆಯದು. ಹನ್ನೆರಡನೇ ಶತಮಾನದ ಶರಣರಲ್ಲಿ ಬಡಿಗನೊಬ್ಬ ತನ್ನ ಹತಾರದ ಹೆಸರಿನಿಂದಲೇ 'ಬಾಚಿಕಾಯಕದ ಬಸವಣ್ಣ' ಎನಿಸಿಕೊಂಡ. ಎರೆ ಭೂಮಿಯ ಹಳ್ಳಿಗಳಲ್ಲಿ ರಂಟೆ, ಕುಂಟೆ, ಕೂರಿಗೆ ಮಾಡಿಕೊಟ್ಟ ಬಡಿಗನಿಗೂ ಕಮ್ಮಾರನಿಗೂ ರೈತರು ಸುಗ್ಗಿಯಲ್ಲಿ ಜೋಳದ ಆಯ ಕೊಡುತ್ತಿದ್ದರು. ಬಡಿಗ ಮಾಡಿದ ಚಕ್ಕಡಿ ಗಾಲಿಗೆ ಕಮ್ಮಾರ ಕಬ್ಬಿಣದ ಹಳಿ ಕಾಸಿ ತೊಡಿಸುತ್ತಿದ್ದ. ಆ ಕಾಲದ ಹತಾರದಲ್ಲಿ ಕಬ್ಬಿಣ ಕಡಿಮೆ. ರಂದಾದ ಮೈ ಕೂಡ ಮರದ್ದೇ, ಅಲಗು ಮಾತ್ರ ಉಕ್ಕಿನದು. ಜಂಗು ಹಿಡಿದರೆ ಅಲಗನ್ನು ಸಾಣೆಗಲ್ಲಿಗೆ ಉಜ್ಜಿದರೆ ಮುಗಿಯಿತು.

ಇದನ್ನು ಬದಲಿಸಿದ್ದು ಕೈಗಾರಿಕಾ ಕ್ರಾಂತಿ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂಥಮ್ 1793ರಲ್ಲಿ ಮರಗೆಲಸದ ಯಂತ್ರಗಳಿಗೆ ಪೇಟೆಂಟ್ ಪಡೆದ. ಮುಂದೆ ಮಾರ್ಕ್ ಬ್ರುನೆಲ್ ರೂಪಿಸಿ, ಹೆನ್ರಿ ಮೌಡ್ಸ್‌ಲಿ ಕಟ್ಟಿದ ಲೋಹದ ಯಂತ್ರಗಳು ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ 1808ರ ಹೊತ್ತಿಗೆ ವರ್ಷಕ್ಕೆ ಸುಮಾರು 1.3 ಲಕ್ಷ ಹಡಗಿನ ರಾಟೆಗಳನ್ನು ತಯಾರಿಸಿದವು. ಅಮೆರಿಕದಲ್ಲಿ ವಿಲಿಯಂ ವುಡ್‌ವರ್ತ್ 1828ರಲ್ಲಿ ರಂದಾ ಯಂತ್ರಕ್ಕೆ ಪೇಟೆಂಟ್ ಪಡೆದ. ಕಾಲಕ್ರಮದಲ್ಲಿ ಮರ ಜಾರುವ ಮೇಜೇ ಎರಕದ ಕಬ್ಬಿಣದ್ದಾಯಿತು.

ಉತ್ತರ ಇರುವುದು ಇಲ್ಲಿಯೇ. ತೋಪಿನ ದಪ್ಪ ಮೈಯಿಂದ ಕೂದಲೆಳೆಯಷ್ಟು ಕಬ್ಬಿಣ ಹೋದರೆ ನಷ್ಟವೇನೂ ಇಲ್ಲ. ಯಂತ್ರದ ಮೇಜಿಗೆ ಮಾತ್ರ ಅದರ ಮಟ್ಟವೇ ಜೀವ. ಅಲ್ಲಿ ಕುಳಿ ಬಿದ್ದರೆ ಹಲಗೆಯ ಅಂಚು ನೆಟ್ಟಗಾಗದು, ಬಾಗಿಲಿನ ಜೋಡಣೆ ಬಾಯಿ ಬಿಡುತ್ತದೆ. ಅದಕ್ಕಿಂತ ಅಪಾಯದ ಮಾತೆಂದರೆ, ಒರಟು ಮೇಜಿನ ಮೇಲೆ ಮರ ಜಾರದೆ ಒತ್ತಿ ತಳ್ಳಬೇಕಾಗುತ್ತದೆ. ತಟ್ಟನೆ ಮರ ಸರಿದರೆ ಕೈ ಹೋಗಿ ನಿಲ್ಲುವುದು ತಿರುಗುವ ಅಲಗಿನ ಬಳಿ. ಜಂಗಿನ ನಿಜವಾದ ಬೆಲೆ ಕೆಲವೊಮ್ಮೆ ಬೆರಳು.

ಮೇಜಿಗೆ ನೀರು ಹಲವು ದಾರಿಯಿಂದ ಬರುತ್ತದೆ. ರಾತ್ರಿ ತಣ್ಣಗಾದ ಕಬ್ಬಿಣದ ಮೇಲೆ ಬೆಳಗಿನ ತೇವದ ಗಾಳಿ ಬೆವರಾಗಿ ಕೂರುತ್ತದೆ. ಅಂಗೈ ಬೆವರಿನ ಉಪ್ಪು ಜಂಗನ್ನು ಚುರುಕುಗೊಳಿಸುತ್ತದೆ. ಹಸಿ ಮರದ ಹೊಟ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಸಿ ಜಾಲಿ ಕೊಯ್ದರೆ ಅದರ ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿ ನೀಲಿಗಪ್ಪು ಕಲೆಯೂ ಮೂಡುತ್ತದೆ. ಸ್ವಾರಸ್ಯವೆಂದರೆ, ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಬ್ಬಿಣದ ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿಸಿ ತಡೆಯಲು ಬಳಸುವುದೂ ಇದೇ ಟ್ಯಾನಿನ್ನಿನ ಆಮ್ಲವನ್ನು.

ಜಂಗು ತೆಗೆಯುವಾಗ ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಬೇಕು. ತೆಳು ಜಂಗಾದರೆ ಚಿಮಣಿ ಎಣ್ಣೆ ಸವರಿ, ನಯವಾದ ಎಮರಿ ಕಾಗದವನ್ನು ಸಮನಾದ ಮರದ ತುಂಡಿಗೆ ಸುತ್ತಿ ಉಜ್ಜಿದರೆ ಸಾಕು. ಬರಿ ಬೆರಳಿನಿಂದ ಉಜ್ಜಿದರೆ ಒಂದೇ ಕಡೆ ತಗ್ಗು ಬಿದ್ದೀತು. ದಪ್ಪ ಜಂಗಿಗೆ ಹುಳಿ ಬೇಕು. ಇಂಡಿ, ಸಿಂದಗಿ ತೋಟಗಳ ನಿಂಬೆಯ ಆಮ್ಲ ಅದನ್ನು ಕರಗಿಸುತ್ತದೆ. ಆದರೆ ಹುಳಿ ಒಳ್ಳೆಯ ಕಬ್ಬಿಣವನ್ನೂ ಬಿಡದು. ಬೇಗನೆ ಸೋಡಾ ನೀರಿನಿಂದ ತೊಳೆದು, ಪೂರ್ತಿ ಒಣಗಿಸದಿದ್ದರೆ ಮರುದಿನವೇ ಮತ್ತೆ ಕೆಂಪು.

ತಡೆಯುವುದರಲ್ಲಿಯೂ ವಿವೇಕ ಬೇಕು. ಈ ಸೀಮೆಯ ಕುಸುಬಿ ಮತ್ತು ಅಗಸಿ ಎಣ್ಣೆಗಳು ಗಾಳಿಗೆ ಒಣಗಿ ಪೊರೆ ಕಟ್ಟುತ್ತವೆ. ಹರಳೆಣ್ಣೆ, ಶೇಂಗಾ ಎಣ್ಣೆ ಹಾಗೆ ಒಣಗವು. ಕಪಾಟಿನಲ್ಲಿಡುವ ಹತಾರಕ್ಕೆ ಎಣ್ಣೆ ಸರಿ. ಮೇಜಿಗೆ ಹಚ್ಚಿದರೆ ಹೊಟ್ಟು ಅಂಟುತ್ತದೆ, ಮರಕ್ಕೆ ಕಲೆಯಾಗಿ ಪಾಲಿಶ್ ನಿಲ್ಲುವುದಿಲ್ಲ. ಅಲ್ಲಿಗೆ ತೆಳುವಾಗಿ ಮೇಣ ಸವರಿ, ಒಣಬಟ್ಟೆಯಿಂದ ಹೊಳೆಯುವಂತೆ ಒರೆಸುವುದೇ ಲೇಸು. ಹೊದಿಕೆಯೂ ಹತ್ತಿಯದಿರಲಿ, ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಕೂಡಿಹಾಕುತ್ತದೆ.

ಮುದ್ದೇಬಿಹಾಳದ ಅಂಗಡಿಯಾಗಲಿ ಬಾಗೇವಾಡಿಯದಾಗಲಿ, ಸಾಲ ಮಾಡಿ ಯಂತ್ರ ತಂದವರಿಗೆ ಮೇಜು ಕೆಡುವುದೆಂದರೆ ಅನ್ನ ಕೆಟ್ಟಂತೆ. ಆಯ ಕೊಡುವ ಕಾಲ ಹೋಯಿತು. ಹತಾರದ ಹೊಣೆ ಈಗ ಪೂರ್ತಿ ಬಡಿಗೇರರದೇ. ವರ್ಷಕ್ಕೊಂದು ಖಂಡೇನವಮಿ ಕೈಬಾಚಿಗೆ ಸಾಕಾಗಿತ್ತು. ಎರಕದ ಮೇಜು ದಿನದ ಕೊನೆಗೆ ಐದು ನಿಮಿಷ ಕೇಳುತ್ತದೆ: ಹೊಟ್ಟು ಗುಡಿಸಿ, ಒಣಬಟ್ಟೆಯಿಂದ ಒರೆಸಿ, ಮೇಣದ ಕೈ ಆಡಿಸಿ ಬೆಳಕು ಆರಿಸುವಷ್ಟು ಹೊತ್ತು.