ಲೇಸರ್ ಕಿರಣದ ಅಗಲ ಅಳೆದ ಕಥೆ: ಬ್ಲೇಡಿನಿಂದ ಕ್ಯಾಮೆರಾದವರೆಗೆ

1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿದ್ದ ಹ್ಯೂಸ್ ಸಂಶೋಧನಾಲಯದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಹೊಮ್ಮಿಸಿದರು. ಆ ಬೆಳಕನ್ನು ಅಳೆಯುವುದಕ್ಕೆಂದೇ ಮಾಡಿದ ಉಪಕರಣ ಆಗ ಇರಲಿಲ್ಲ. ಆರಂಭದ ದಿನಗಳ ಪ್ರಯೋಗಶಾಲೆಗಳಲ್ಲಿ ಗಡ್ಡ ಹೆರೆಯುವ ಬ್ಲೇಡುಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಬೆಳಕಿನ ಒಂದು ಮಿಡಿತ ಎಷ್ಟು ಬ್ಲೇಡುಗಳನ್ನು ತೂತು ಮಾಡುತ್ತದೆ ಎಂದು ಎಣಿಸುತ್ತಿದ್ದರು. ಶಕ್ತಿಯನ್ನು ಬ್ಲೇಡಿನ ಹೆಸರಲ್ಲೇ ಇಷ್ಟು ‘ಗಿಲೆಟ್’ ಎಂದು ಹೇಳುವ ರೂಢಿಯೂ ಬೆಳೆಯಿತು. ಕಿರಣದ ಆಕಾರ ನೋಡಬೇಕೆಂದರೆ ಫೋಟೊ ಕಾಗದದ ಮೇಲೆ ಸುಟ್ಟ ಕಲೆಯೇ ಆಧಾರ. ಕಾಗದ ಸುಡಲು ಬೇಕಾದ ತೀವ್ರತೆ ಎಲ್ಲಿದೆಯೋ ಅಲ್ಲಿ ಮಾತ್ರ ಕಲೆ ಬೀಳುತ್ತದೆ. ಅಂಚಿನ ಮಂದ ಬೆಳಕು ಅದರಲ್ಲಿ ಕಾಣುವುದೇ ಇಲ್ಲ. ಕಿರಣ ಎಷ್ಟು ಬಲವಾದದ್ದು ಎಂಬುದಕ್ಕೆ ಈ ವಿಧಾನಗಳಲ್ಲಿ ಉತ್ತರವಿತ್ತು, ಅದು ಹೇಗೆ ಹರಡಿಕೊಂಡಿದೆ ಎಂಬುದಕ್ಕೆ ಇರಲಿಲ್ಲ.

ಎರಡನೆಯ ಪ್ರಶ್ನೆಗೆ ದಾರಿ ಮಾಡಿಕೊಟ್ಟದ್ದು ಅಮೆರಿಕದ ಬೆಲ್ ಪ್ರಯೋಗಾಲಯ. 1960ರ ಡಿಸೆಂಬರಿನಲ್ಲಿ ಅಲಿ ಜವಾನ್, ವಿಲಿಯಂ ಬೆನೆಟ್ ಮತ್ತು ಡೊನಾಲ್ಡ್ ಹೆರಿಯಟ್ ಅಲ್ಲಿ ಹೀಲಿಯಂ–ನಿಯಾನ್ ಲೇಸರನ್ನು ನಡೆಸಿ ತೋರಿಸಿದರು. ಅದು ಬಿಟ್ಟುಬಿಟ್ಟು ಮಿಂಚದೆ ಒಂದೇ ಸಮನೆ ಬೆಳಗುವ ಲೇಸರ್. 1962ರಲ್ಲಿ ಅದರ ಕೆಂಪು ರೂಪ, 632.8 ನ್ಯಾನೊಮೀಟರ್ ತರಂಗಾಂತರದ್ದು, ಬಂದಾಗ ಕಿರಣವನ್ನು ಕಣ್ಣಾರೆ ನೋಡುತ್ತ ಕೆಲಸ ಮಾಡುವುದು ಸಾಧ್ಯವಾಯಿತು. ಈ ನಡುವೆ, 1961ರಲ್ಲಿ, ಅದೇ ಪ್ರಯೋಗಾಲಯದ ಫಾಕ್ಸ್ ಮತ್ತು ಲೀ ಎರಡು ಕನ್ನಡಿಗಳ ನಡುವೆ ಬೆಳಕು ನೂರಾರು ಬಾರಿ ಓಡಾಡಿದರೆ ಯಾವ ಆಕಾರ ಉಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಬಾಯ್ಡ್ ಮತ್ತು ಗಾರ್ಡನ್ ಅದೇ ವರ್ಷ ಬಾಗಿದ ಕನ್ನಡಿಗಳಿಗೆ ಗಣಿತದ ಉತ್ತರ ಕೊಟ್ಟರು. ನಡುವೆ ಅತಿ ಪ್ರಖರವಾಗಿದ್ದು ಅಂಚಿನತ್ತ ಮೆಲ್ಲನೆ ಇಳಿಯುವ ಗಂಟೆಯಾಕಾರ, ಅಂದರೆ ಗಾಸಿಯನ್ ಕಿರಣ, ಹೀಗೆ ಕೈಗೆ ಸಿಕ್ಕಿತು. ಇದಕ್ಕೆ ಗೆರೆ ಎಳೆದಂಥ ಅಂಚಿಲ್ಲ. ಆದ್ದರಿಂದ ತೀವ್ರತೆ ನಡುವಿನದರ ಶೇ. 13.5ಕ್ಕೆ ಇಳಿದ ಜಾಗವನ್ನು ಅಂಚೆಂದು ಒಪ್ಪಿಕೊಂಡು, ನಡುವಿನಿಂದ ಅಲ್ಲಿಗಿರುವ ದೂರವನ್ನು ತ್ರಿಜ್ಯವೆಂದು ಕರೆಯುವುದು ವಾಡಿಕೆಯಾಯಿತು.

ಈ ಗಣಿತವನ್ನೆಲ್ಲ ಬೆಳೆಸುವಾಗ ಬೆಲ್ ಪ್ರಯೋಗಾಲಯದವರ ಕಣ್ಣು ಗಾಜಿನ ಎಳೆಯ, ಅಂದರೆ ಫೈಬರಿನ, ಮೇಲಿರಲಿಲ್ಲ. ಕೊಳವೆಯೊಳಗೆ ಅಲ್ಲಲ್ಲಿ ಮಸೂರಗಳನ್ನಿಟ್ಟು ಅದರ ಮೂಲಕ ದೂರವಾಣಿ ಸಂದೇಶ ಸಾಗಿಸುವ ಯೋಜನೆ ಅವರದು. ಆ ಯೋಜನೆ ಕೈಗೂಡಲಿಲ್ಲ. ಅದಕ್ಕಾಗಿ ಕಟ್ಟಿದ ಲೆಕ್ಕ ಮಾತ್ರ ಫೈಬರಿಗೆ ಹಾಗೆಯೇ ಒದಗಿ ಬಂತು. ಒಂದು ಕಿರಣ ಇನ್ನೊಂದು ಆಕಾರದೊಳಗೆ ಎಷ್ಟು ಸೇರಿಕೊಳ್ಳುತ್ತದೆ ಎಂಬ ಸೂತ್ರವೂ 1964ರ ಹೊತ್ತಿಗೆ ಅಲ್ಲಿನ ಕೋಗೆಲ್ನಿಕ್ ಅವರಿಂದ ಸಿದ್ಧವಾಗಿತ್ತು.

ಫೈಬರಿನ ಚರಿತ್ರೆ ಬೇರೆ ಕಡೆಯಿಂದ ಬಂದದ್ದು. 1954ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರ ಸಾಗಿಸಿದ ವರದಿ ಪ್ರಕಟಿಸಿದರು. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್, ಗಾಜನ್ನು ಚೆನ್ನಾಗಿ ಶುದ್ಧ ಮಾಡಿ ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ ಸಂಪರ್ಕಕ್ಕೆ ಸಾಕೆಂದು ವಾದಿಸಿದರು. 1970ರಲ್ಲಿ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್ ಮತ್ತು ಶುಲ್ಟ್ಸ್ 17 ಡೆಸಿಬೆಲ್ ತಲುಪಿದರು.

ಅಳತೆಯ ಒತ್ತಡ ಇಲ್ಲಿಂದ ಶುರುವಾಗುತ್ತದೆ. ದಪ್ಪ ಫೈಬರಿನ ತಿರುಳು 50 ಮೈಕ್ರಾನ್ ಅಗಲವಿರುವುದರಿಂದ ಬೆಳಕನ್ನು ಹೇಗಾದರೂ ಅದರೊಳಗೆ ತುಂಬಬಹುದು. ಸಿಂಗಲ್ ಮೋಡ್ ಫೈಬರ್ ಹಾಗಲ್ಲ. ಕೆಂಪು ಬೆಳಕಿನ ಫೈಬರಿನ ತಿರುಳು ಸುಮಾರು 4 ಮೈಕ್ರಾನ್; ಅದು ಒಂದೇ ಒಂದು ಆಕಾರದ, ಅಂದರೆ ಒಂದೇ ಮೋಡಿನ, ಬೆಳಕನ್ನು ಒಯ್ಯುತ್ತದೆ, ಆ ಆಕಾರ ಹೆಚ್ಚು ಕಡಿಮೆ ಗಾಸಿಯನ್. ಬರುವ ಕಿರಣ ಅದಕ್ಕೆ ಹೊಂದಿದಷ್ಟೇ ಒಳಗೆ ಹೋಗುತ್ತದೆ, ಮಿಕ್ಕದ್ದು ಹೊದಿಕೆಯ ಗಾಜಿಗೆ ಸೋರುತ್ತದೆ. ಒಂದು ಉದಾಹರಣೆ ನೋಡಬಹುದು. ಮೇಜಿನ ಮೇಲೆ ಬರುತ್ತಿರುವ ಕೆಂಪು ಕಿರಣದ ತ್ರಿಜ್ಯ 0.5 ಮಿಲಿಮೀಟರ್, ಫೈಬರಿನ ಮೋಡ್ ತ್ರಿಜ್ಯ 2 ಮೈಕ್ರಾನ್ ಎಂದಾದರೆ, ಸರಿಹೊಂದುವ ಮಸೂರದ ನಾಭಿದೂರ ಸುಮಾರು 5 ಮಿಲಿಮೀಟರ್. ಅರ್ಧ ಮಿಲಿಮೀಟರ್ ಎಂದು ನಂಬಿದ ತ್ರಿಜ್ಯ ನಿಜವಾಗಿ 1 ಮಿಲಿಮೀಟರ್ ಇದ್ದರೆ ಅದೇ ಮಸೂರ ಬೆಳಕನ್ನು ಅರ್ಧದಷ್ಟು ಚಿಕ್ಕ ಚುಕ್ಕೆಯಾಗಿಸುತ್ತದೆ. ಆಗ ಬೇರೆಲ್ಲ ಸರಿಯಿದ್ದರೂ ಒಳಹೋಗುವುದು ಶೇ. 64 ಮಾತ್ರ. ಮಸೂರ ಕೊಳ್ಳುವ ಮೊದಲೇ ಕಿರಣ ಅಳೆಯಬೇಕಾದದ್ದು ಇದಕ್ಕಾಗಿ.

ಅಳೆಯಲು ಮುಂದೆ ಬಂದದ್ದು ಮತ್ತೆ ಬ್ಲೇಡು, ಈ ಬಾರಿ ಅದರ ಅಂಚು. 1858ರಲ್ಲೇ ಲಿಯೋನ್ ಫೂಕೋ ದೂರದರ್ಶಕದ ಕನ್ನಡಿಗಳ ದೋಷ ಹಿಡಿಯಲು ಚೂಪಾದ ಅಂಚನ್ನು ಬೆಳಕಿಗೆ ಅಡ್ಡ ಸರಿಸಿದ್ದರು. ಲೇಸರ್ ಕಿರಣಕ್ಕೆ ಈ ತಂತ್ರ 1970ರ ದಶಕದಲ್ಲಿ ಪಳಗಿತು. 1975ರಲ್ಲಿ ಜಪಾನಿನ ಸುಜಾಕಿ ಮತ್ತು ತಾಚಿಬಾನಾ ಮೈಕ್ರಾನ್ ಗಾತ್ರದ ಚುಕ್ಕೆಯನ್ನೂ ಹೀಗೆ ಅಳೆಯುವ ಬಗೆಯನ್ನು ಪ್ರಕಟಿಸಿದರು. ಕೆಲಸದ ಕ್ರಮ ಸರಳ. ಸರಿಯುವ ಪೀಠದ ಮೇಲೆ ಬ್ಲೇಡನ್ನು ಭದ್ರಪಡಿಸಿ, ಹಿಂದೆ ಪವರ್ ಮೀಟರ್ ಇಟ್ಟು, ಮೈಕ್ರೊಮೀಟರ್ ತಿರುಪನ್ನು 10 ಮೈಕ್ರಾನಿನಂತೆ ತಿರುಗಿಸುತ್ತ ಪ್ರತಿ ಸಲ ಉಳಿದ ಬೆಳಕನ್ನು ಬರೆದುಕೊಳ್ಳುವುದು. ಮೊದಮೊದಲು ಅಂಕಿ ಅಲುಗುವುದಿಲ್ಲ, ಆಮೇಲೆ ಸರಸರನೆ ಇಳಿದು ಕೊನೆಗೆ ಸೊನ್ನೆಯ ಬಳಿ ನಿಧಾನಿಸುತ್ತದೆ. ಬೆಳಕು ಶೇ. 84 ಇದ್ದ ಜಾಗದಿಂದ ಶೇ. 16 ಇದ್ದ ಜಾಗಕ್ಕೆ ಬ್ಲೇಡು ಸರಿದ ದೂರವೇ ಗಾಸಿಯನ್ ಕಿರಣದ ತ್ರಿಜ್ಯ. ಅಂಚಿಗೆ ತಾಗಿದ ಬೆಳಕು ಚದುರುವುದರಿಂದ ಮೀಟರಿನ ಮುಖ ಅಗಲವಾಗಿದ್ದು ಬ್ಲೇಡಿಗೆ ಹತ್ತಿರವಿರಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಇಷ್ಟು ಅಗ್ಗದ ಸಾಮಗ್ರಿಯಿಂದ ಇಷ್ಟು ನಿಖರ ಉತ್ತರ ಕೊಡುವ ಪ್ರಯೋಗಗಳು ಬೆಳಕಿನ ವಿಜ್ಞಾನದಲ್ಲಿ ವಿರಳ.

ಇಂಥ ಅಳತೆಗೆ ಅಲುಗದ ನೆಲೆ ಬೇಕು. ಮೊದಲು ಗ್ರಾನೈಟ್ ಚಪ್ಪಡಿ, ಉಕ್ಕಿನ ಹಲಗೆಗಳು ಬಳಕೆಯಲ್ಲಿದ್ದವು. ಮೂರು ಆಯಾಮದ ಚಿತ್ರ ದಾಖಲಿಸುವ ಹೊಲೊಗ್ರಫಿ ತರಂಗಾಂತರದ ಒಂದು ಅಂಶದಷ್ಟು ಕಂಪನವನ್ನೂ ತಾಳದಿದ್ದಾಗ ಮೇಜು ಕಟ್ಟುವುದೇ ಒಂದು ಉದ್ಯಮವಾಯಿತು. ಎರಡು ಲೋಹದ ಹಾಳೆಗಳ ನಡುವೆ ಜೇನುಹುಟ್ಟಿನ ರಚನೆಯಿಟ್ಟು, ಗಾಳಿ ತುಂಬಿದ ಕಾಲುಗಳ ಮೇಲೆ ನಿಲ್ಲಿಸಿ, ಮೇಲೆ 25 ಮಿಲಿಮೀಟರಿಗೊಂದರಂತೆ ತಿರುಪಿನ ತೂತು ಕೊರೆದ ಮೇಜು ಈಗ ಎಲ್ಲೆಡೆ ಕಾಣುತ್ತದೆ. ಫೈಬರಿಗೆ ಬೆಳಕು ತುಂಬುವಾಗಲೂ ಈ ಸ್ಥಿರತೆ ಬೇಕು: 2 ಮೈಕ್ರಾನ್ ತ್ರಿಜ್ಯದ ಮೋಡಿನಿಂದ ಚುಕ್ಕೆ 1 ಮೈಕ್ರಾನ್ ಪಕ್ಕಕ್ಕೆ ಸರಿದರೂ ಶೇ. 22ರಷ್ಟು ಬೆಳಕು ಹೋಗುತ್ತದೆ. ಅದಕ್ಕೇ ಎರಡು ಕನ್ನಡಿಗಳನ್ನು ಒಂದಾದ ಮೇಲೊಂದು ಕೂದಲೆಳೆಯಷ್ಟು ತಿರುಗಿಸುತ್ತ ಕಿರಣದ ಜಾಗ ಮತ್ತು ಕೋನ ಎರಡನ್ನೂ ತಿದ್ದುವ ಪದ್ಧತಿ ಬೆಳೆಯಿತು.

1970ರಲ್ಲಿ ಕೋಣೆಯ ಉಷ್ಣತೆಯಲ್ಲೇ ನಿರಂತರವಾಗಿ ಬೆಳಗುವ ಅರೆವಾಹಕ ಲೇಸರ್ ಬಂದಾಗ ಸಮಸ್ಯೆ ಇನ್ನಷ್ಟು ಜಟಿಲವಾಯಿತು. ಅದರ ಕಿರಣ ದುಂಡಗಿಲ್ಲ, ಒಂದು ದಿಕ್ಕಿಗೆ ಬಹಳ ಹರಡುವ ಅಂಡಾಕಾರ. ಒಂದೇ ಬದಿಯಿಂದ ಬ್ಲೇಡು ಸರಿಸಿದರೆ ಇದು ತಿಳಿಯುವುದಿಲ್ಲ. ಇಡೀ ಚಿತ್ರ ಬೇಕಾಯಿತು. ಅದನ್ನು ಕೊಟ್ಟದ್ದು ಬೆಲ್ ಪ್ರಯೋಗಾಲಯದಲ್ಲೇ 1969ರಲ್ಲಿ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಕ್ಯಾಮೆರಾ ಸೆನ್ಸರ್. 2009ರ ಭೌತವಿಜ್ಞಾನದ ನೊಬೆಲ್ ಇವರಿಬ್ಬರಿಗೂ ಫೈಬರಿನ ಚಾರ್ಲ್ಸ್ ಕಾವ್‌ಗೂ ಹಂಚಿಕೆಯಾಯಿತು.

ಕ್ಯಾಮೆರಾ ಬಂದರೂ ಬ್ಲೇಡು ಮೂಲೆ ಸೇರಲಿಲ್ಲ. 5 ಮೈಕ್ರಾನಿನ ಚೌಕಗಳಿಂದಾದ ಸೆನ್ಸರ್ 4 ಮೈಕ್ರಾನಿನ ಚುಕ್ಕೆಯನ್ನು ಬಿಡಿಸಿ ತೋರಿಸಲಾರದು. ಬೆಳಕು ಹೆಚ್ಚಾಗಿ ಚೌಕಗಳು ತುಂಬಿಹೋದರೆ ಚುಕ್ಕೆ ಇರುವುದಕ್ಕಿಂತ ಅಗಲ ಕಾಣುತ್ತದೆ. ಸೆನ್ಸರಿನ ಮುಂದಿನ ತೆಳು ಗಾಜು ಚಿತ್ರದ ತುಂಬ ಪಟ್ಟೆಗಳನ್ನು ಮೂಡಿಸುತ್ತದೆ. ಸಂಪರ್ಕಕ್ಕೆ ಬಳಸುವ 1550 ನ್ಯಾನೊಮೀಟರ್ ಬೆಳಕಿಗೆ ಸಿಲಿಕಾನ್ ಕುರುಡು, ಅದಕ್ಕೆ ಬೇರೆ ದುಬಾರಿ ಸೆನ್ಸರ್ ಬೇಕು.

ನಿಜವಾದ ಕಿರಣ ಆದರ್ಶ ಗಾಸಿಯನ್ನಿಗಿಂತ ಎಷ್ಟು ಪಟ್ಟು ಹೆಚ್ಚು ಹರಡುತ್ತದೆ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವ ‘ಎಂ-ಸ್ಕ್ವೇರ್ಡ್’ ಅನ್ನು 1990ರ ಸುಮಾರಿಗೆ ಸ್ಟ್ಯಾನ್‌ಫರ್ಡಿನ ಆಂಥೊನಿ ಸೀಗ್‌ಮನ್ ಬಳಕೆಗೆ ತಂದರು. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 11146 ಇದನ್ನೇ ಆಧರಿಸಿದೆ: ನಾಭಿಯ ಆಚೀಚೆ ಹಲವು ಕಡೆ ಅಗಲ ಅಳೆದು ವಕ್ರರೇಖೆ ಹೊಂದಿಸಬೇಕು. ಮಾನಕದ ಲೆಕ್ಕದಲ್ಲಿ ನಡುವಿನಿಂದ ದೂರವಿರುವ ಮಂದ ಬೆಳಕಿಗೆ ತೂಕ ಹೆಚ್ಚು. ಕ್ಯಾಮೆರಾದ ಹಿನ್ನೆಲೆಯ ಗದ್ದಲವನ್ನು ಮೊದಲೇ ಕಳೆಯದಿದ್ದರೆ ಉತ್ತರ ಉಬ್ಬುತ್ತದೆ.

ಇಂದಿನ ಮೇಜುಗಳ ಮೇಲೆ ಈ ಎಲ್ಲ ವಿಧಾನಗಳೂ ಜೊತೆಗಿವೆ: ಆಕಾರ ನೋಡಲು ಕ್ಯಾಮೆರಾ, ಚಿಕ್ಕ ಚುಕ್ಕೆಗೆ ಬ್ಲೇಡು. ಇನ್ನೊಂದು ಉಪಾಯ ಫೈಬರಿನದ್ದೇ. ಅದರ ಹಿಂದಿನ ತುದಿಯಿಂದ ಬೆಳಕು ಬಿಟ್ಟರೆ, ಮಸೂರದಾಚೆ ಹೊರಬರುವ ಕಿರಣ ಫೈಬರ್ ಬಯಸುವ ಆಕಾರವನ್ನೇ ತೋರಿಸುತ್ತದೆ, ಬರುವ ಕಿರಣವನ್ನು ಅದರ ಮೇಲೆ ಕೂರಿಸಿದರಾಯಿತು. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ತಿರುಗಿಸುವುದರಿಂದ, ಅಂಥ ಫೈಬರಿನಲ್ಲಿ ಹೊಂದಾಣಿಕೆ ಎಷ್ಟೇ ಪರಿಪೂರ್ಣವಾದರೂ ಇನ್ನೊಂದು ತುದಿಯ ಮೀಟರಿನಲ್ಲಿ ಸುಮಾರು ಶೇ. 92ಕ್ಕಿಂತ ಹೆಚ್ಚು ಕಾಣುವುದಿಲ್ಲ.